ಉಸಿರು ಕಟ್ಟುವ ನಿದ್ದೆ: ಗಾಳಿಯಂತ್ರವನ್ನೂ ಮುಖವಾಡವನ್ನೂ ಆರಿಸುವ ಬಗೆ

ಗೊರಕೆ ನಮ್ಮಲ್ಲಿ ಬಹುಕಾಲದಿಂದ ನಗೆಯ ವಸ್ತು. ಕುಂಭಕರ್ಣನ ಹೆಸರೆತ್ತಿದರೆ ಸಾಕು, ಮಕ್ಕಳು ಕೂಡ ಮೂಗಿನಿಂದ ಸದ್ದು ಮಾಡಿ ತೋರಿಸುತ್ತಾರೆ. ನಾಲ್ಕಾರು ಜನ ಸೇರಿ ಒಂದು ಕೋಣೆ ಹಿಡಿದು ವಾಸಿಸುವ ಕಡೆ ಗೊರಕೆ ಹೊಡೆಯುವವನೊಬ್ಬ ಇದ್ದರೆ ಬೆಳಗಿನ ಚಹಾದ ಜೊತೆಗೆ ಅವನ ಪರಿಹಾಸ್ಯವೂ ನಡೆಯುವುದುಂಟು. "ಪುಣ್ಯವಂತ, ಎಂಥ ಗಾಢನಿದ್ದೆ!" ಎಂದು ಹೊಟ್ಟೆಕಿಚ್ಚು ಪಡುವವರೂ ಇದ್ದಾರೆ. ಆದರೆ ಎಲ್ಲ ಗೊರಕೆಯೂ ಗಾಢನಿದ್ದೆಯ ಗುರುತಲ್ಲ. ಗೊರಕೆ ಏರುತ್ತ ಹೋಗಿ ತಟಕ್ಕನೆ ನಿಂತು, ಕೋಣೆಯೆಲ್ಲ ನಿಶ್ಶಬ್ದವಾಗಿ, ಹತ್ತಿಪ್ಪತ್ತು ಸೆಕೆಂಡು ಕಳೆದ ಮೇಲೆ ಆ ಮನುಷ್ಯ ನೀರಿನಿಂದ ಮೇಲೆದ್ದವನಂತೆ ಉಸಿರೆಳೆದುಕೊಂಡು ಹೊರಳಿದರೆ ಅದು ನಗುವ ವಿಷಯವಲ್ಲ. ಅಷ್ಟು ಹೊತ್ತು ಅವನಿಗೆ ಉಸಿರೇ ಇರಲಿಲ್ಲ.

ಇದಕ್ಕೆ ವೈದ್ಯರು 'ಸ್ಲೀಪ್ ಆಪ್ನಿಯಾ' ಎನ್ನುತ್ತಾರೆ. ಆಪ್ನಿಯಾ ಎಂಬುದು ಗ್ರೀಕ್ ಮೂಲದ ಮಾತು. ಉಸಿರಿಲ್ಲದಿರುವಿಕೆ ಎಂದು ಅದರ ಅರ್ಥ. ೨೦೨೨ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ ಈ ರೋಗವಿತ್ತೆಂದು ವೈದ್ಯರು ತಿಳಿಸಿದರು; ನಮ್ಮಲ್ಲಿ ಅನೇಕರು ಈ ಹೆಸರನ್ನು ಮೊದಲು ಕೇಳಿದ್ದು ಆಗಲೇ. ಅಪರೂಪದ ರೋಗವೇನೂ ಅಲ್ಲ. ದಿಲ್ಲಿಯ ಏಮ್ಸ್ ವೈದ್ಯರು ಹಿಂದಿನ ಅನೇಕ ಅಧ್ಯಯನಗಳನ್ನು ಕೂಡಿಸಿ ೨೦೨೩ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದುಡಿಯುವ ವಯಸ್ಸಿನ ಭಾರತೀಯರಲ್ಲಿ ಸುಮಾರು ಹತ್ತು ಕೋಟಿ ಜನರಿಗೆ ಇದು ಇದೆ.

ವೈದ್ಯರು "ಯಂತ್ರ ತೆಗೆದುಕೊಳ್ಳಿ" ಎಂದು ಚೀಟಿ ಬರೆದುಕೊಟ್ಟ ಮೇಲೆ ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ. ತಿಂಗಳ ಸಂಬಳದಲ್ಲಿ ಊರಿಗೆ ಹಣ ಕಳಿಸಿ, ಬಾಡಿಗೆ ಕೊಟ್ಟು, ಉಳಿದುದರಲ್ಲಿ ಜೀವನ ನಡೆಸುವವರಿಗೆ ಹತ್ತಾರು ಸಾವಿರ ರೂಪಾಯಿಯ ಯಂತ್ರವೆಂದರೆ ಸಣ್ಣ ಮಾತಲ್ಲ. ಹೀಗೆ ಕೊಂಡ ಯಂತ್ರ ಎರಡು ವಾರದಲ್ಲಿ ಮಂಚದ ಕೆಳಗೆ ಸೇರಿದರೆ ಹಣವೂ ಹೋಯಿತು, ರೋಗವೂ ಉಳಿಯಿತು. ಹಾಗಾಗುವುದಕ್ಕೆ ಬಹಳ ಸಾರಿ ಕಾರಣ ಯಂತ್ರವಲ್ಲ, ಮುಖಕ್ಕೆ ಹೊಂದದ ಮುಖವಾಡ. ಯಂತ್ರದ ಬೆಲೆಯನ್ನು ಹತ್ತು ಅಂಗಡಿಯಲ್ಲಿ ವಿಚಾರಿಸುವವರು ಮುಖವಾಡವನ್ನು ಹತ್ತು ನಿಮಿಷವೂ ಹಾಕಿ ನೋಡುವುದಿಲ್ಲ. ಇದನ್ನು ತಿರುಗುಮುರುಗು ಮಾಡಬೇಕೆಂಬುದೇ ನಾವು ಹೇಳಬೇಕಾದ ಮುಖ್ಯ ಮಾತು.

ಗಂಟಲಿನಲ್ಲಿ ನಡೆಯುವುದೇನು?

ನಮ್ಮ ಗಂಟಲಿನ ಹಿಂಭಾಗ ಎಲುಬಿನ ಕೊಳವೆಯಲ್ಲ. ಮೆತ್ತನೆಯ ಮಾಂಸದ ಕೊಳವೆ. ಎಚ್ಚರವಿರುವಾಗ ಸ್ನಾಯುಗಳು ಅದನ್ನು ಬಿಗಿಯಾಗಿ ತೆರೆದು ಹಿಡಿದಿರುತ್ತವೆ. ನಿದ್ದೆ ಬಂದೊಡನೆ ಅವು ಸಡಿಲುತ್ತವೆ, ನಾಲಗೆ ಹಿಂದಕ್ಕೆ ಜಾರುತ್ತದೆ. ದಾರಿ ಅರ್ಧ ಮುಚ್ಚಿದರೆ ಗೊರಕೆ. ಪೂರ್ತಿ ಮುಚ್ಚಿದರೆ ಉಸಿರು ಕಟ್ಟು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಗೊಂಡು ಒಂದು ಕ್ಷಣ ಎಚ್ಚರಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚು. ಬೆಳಗಾದ ಮೇಲೆ ಇದೊಂದೂ ನೆನಪಿರುವುದಿಲ್ಲ. ತಲೆನೋವು, ಒಣಗಿದ ಬಾಯಿ, ಆಫೀಸಿನ ಮೇಜಿನ ಮೇಲೆ ತೂಕಡಿಕೆ, ಮರೆವು, ಸಿಡುಕು ಇಷ್ಟೇ ಉಳಿಯುತ್ತವೆ. ಔಷಧಿಗೆ ಜಗ್ಗದ ರಕ್ತದೊತ್ತಡಕ್ಕೆ ಎಷ್ಟೋ ಸಾರಿ ಇದೇ ಮರೆಯ ಕಾರಣ. ವಾಹನ ನಡೆಸುವವರಲ್ಲಿ ಅಪಘಾತದ ಅಪಾಯವೂ ಹೆಚ್ಚು.

ದಪ್ಪನೆಯ ಕತ್ತಿನವರಿಗೆ, ಬೊಜ್ಜಿನವರಿಗೆ ಇದು ಹೆಚ್ಚೆಂಬುದು ನಿಜ. ಆದರೆ ಸಣ್ಣ ದವಡೆಯ ತೆಳ್ಳಗಿನವರಿಗೂ ಬರುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಹೆಚ್ಚಾಗುತ್ತದೆ. ಅವರು ಗೊರಕೆಗಿಂತ ಆಯಾಸವನ್ನೂ ನಿದ್ರಾಭಂಗವನ್ನೂ ಹೇಳಿಕೊಳ್ಳುವುದರಿಂದ ರೋಗ ಗುರುತಾಗದೆ ಉಳಿಯುವುದುಂಟು.

ಕೋಣೆಯ ಸಂಗಾತಿಗಳು ಇಲ್ಲಿ ಒಳ್ಳೆಯ ಸಾಕ್ಷಿಗಳು. ನಗುವುದನ್ನು ಬಿಟ್ಟು, ಮಲಗಿದವನ ಒಪ್ಪಿಗೆ ಮೊದಲೇ ಪಡೆದು, ಅವನ ಗೊರಕೆಯನ್ನು ಎರಡು ಮೂರು ನಿಮಿಷ ಮೊಬೈಲಿನಲ್ಲಿ ಹಿಡಿದುಕೊಟ್ಟರೆ ವೈದ್ಯರಿಗೆ ಅದರಿಂದ ಬಹಳ ಉಪಯೋಗ.

ಯಂತ್ರ ಹುಟ್ಟಿದ ಬಗೆ

ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಉಪಕರಣಗಳಿಂದ ಅಳೆದು ೧೯೬೫ರಲ್ಲಿ ಫ್ರಾನ್ಸಿನ ವೈದ್ಯರೂ ಜರ್ಮನಿಯ ವೈದ್ಯರೂ ಬೇರೆ ಬೇರೆಯಾಗಿ ಪ್ರಕಟಿಸಿದರು. ಆ ಮೇಲೆ ಬಹಳ ವರ್ಷ ಇದ್ದ ಮುಖ್ಯ ಚಿಕಿತ್ಸೆಯೆಂದರೆ ಕಂಠದಲ್ಲಿ ತೂತು ಕೊರೆದು ಅಲ್ಲಿಂದ ಉಸಿರಾಡಿಸುವುದು. ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯ ಕಾಲಿನ್ ಸಲಿವನ್ ಇದಕ್ಕೊಂದು ಸುಲಭೋಪಾಯ ಹುಡುಕಿದರು. ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿಯನ್ನು ಬಿಡದೆ ಊದುತ್ತಿದ್ದರೆ ಗಂಟಲಿನ ಗೋಡೆಗಳು ಕೂಡಿಕೊಳ್ಳಲಾರವಷ್ಟೆ! ಸೈಕಲ್ಲಿನ ಟ್ಯೂಬಿನಲ್ಲಿ ಗಾಳಿಯಿರುವ ತನಕ ಅದರ ಎರಡು ಮೈಯೂ ಅಂಟಿಕೊಳ್ಳದಿರುವಂತೆಯೇ ಇದು. ೧೯೮೦ರಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗ ನಡೆಯಿತು. ೧೯೮೧ರಲ್ಲಿ ಐದು ರೋಗಿಗಳ ವರದಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು. ಆರಂಭದ ದಿನಗಳಲ್ಲಿ ರೋಗಿಯ ಮೂಗಿನ ಅಚ್ಚು ತೆಗೆದು ಮಾಡಿದ ಮುಖವಾಡವನ್ನು ರಾತ್ರಿ ರಾತ್ರಿ ಅಂಟು ಹಚ್ಚಿ ಕೂಡಿಸುತ್ತಿದ್ದರು. ಮುಖಕ್ಕೆ ಗಾಳಿ ಸೋರದಂತೆ ಕೂಡಿಸುವ ಕಷ್ಟ ಆಗಲೂ ಇತ್ತು, ಈಗಲೂ ಇದೆ.

ಈ ಯಂತ್ರಕ್ಕೆ 'ಸಿ-ಪ್ಯಾಪ್' ಎಂದು ಹೆಸರು. ಎಡೆಬಿಡದ ಒತ್ತಡದ ಗಾಳಿ ಎಂದು ಅದರ ತಾತ್ಪರ್ಯ. ಇದರಿಂದ ಬರುವುದು ಆಮ್ಲಜನಕವಲ್ಲ, ಕೋಣೆಯ ಗಾಳಿಯೇ. ೨೦೨೧ರ ಕೊರೋನಾ ಅಲೆಯಲ್ಲಿ ನಾವೆಲ್ಲ ಕಂಡ ಆಕ್ಸಿಜನ್ ಯಂತ್ರವೇ ಬೇರೆ, ಇದೇ ಬೇರೆ. ಒಂದರ ಬದಲು ಇನ್ನೊಂದನ್ನು ಕೊಂಡರೆ ಕೆಲಸವಾಗದು.

ಮೊದಲು ಪರೀಕ್ಷೆ, ಆಮೇಲೆ ಅಂಗಡಿ

ಪರೀಕ್ಷೆಯಿಲ್ಲದೆ ಯಂತ್ರ ಕೊಳ್ಳುವುದು ಕಣ್ಣು ತೋರಿಸದೆ ಕನ್ನಡಕ ಕೊಂಡಂತೆ. ನಿದ್ರಾಪರೀಕ್ಷೆಯಲ್ಲಿ ಎರಡು ಬಗೆಯುಂಟು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮೆದುಳು, ಕಣ್ಣು, ಹೃದಯ, ಉಸಿರು, ರಕ್ತದ ಆಮ್ಲಜನಕ ಎಲ್ಲವನ್ನೂ ಅಳೆಯುವುದು ಒಂದು. ಮನೆಗೆ ಸಣ್ಣ ಪೆಟ್ಟಿಗೆ ಕೊಟ್ಟು ಉಸಿರು, ಆಮ್ಲಜನಕ ಮೊದಲಾದ ಕೆಲವನ್ನು ಮಾತ್ರ ಅಳೆಯುವುದು ಇನ್ನೊಂದು. ಎರಡನೆಯದು ಅಗ್ಗ. ಆದರೆ ಹೃದಯದ ಅಥವಾ ಪುಪ್ಪುಸದ ದೊಡ್ಡ ರೋಗವಿರುವವರಿಗೆ ಅದು ಸಾಲದು. ರೋಗದ ಲಕ್ಷಣ ಬಲವಾಗಿದ್ದೂ ಮನೆಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಆಸ್ಪತ್ರೆಯ ಪರೀಕ್ಷೆ ಆಗಲೇಬೇಕು.

ವರದಿಯಲ್ಲಿ ನೋಡಬೇಕಾದ ಅಂಕೆ 'ಎ.ಎಚ್.ಐ.' ಎಂಬುದು. ಒಂದು ಗಂಟೆಯ ನಿದ್ದೆಯಲ್ಲಿ ಎಷ್ಟು ಸಾರಿ ಉಸಿರು ಹತ್ತು ಸೆಕೆಂಡಾದರೂ ನಿಂತಿತು ಅಥವಾ ಬಹಳ ಕುಗ್ಗಿತು ಎಂಬ ಲೆಕ್ಕವದು. ವಯಸ್ಕರಲ್ಲಿ ೫ಕ್ಕಿಂತ ಕಡಿಮೆಯಾದರೆ ಸಹಜ. ೫ರಿಂದ ೧೫ರ ತನಕ ಅಲ್ಪ. ೧೫ರಿಂದ ೩೦ರ ತನಕ ಮಧ್ಯಮ. ಅದಕ್ಕೆ ಮೇಲ್ಪಟ್ಟರೆ ತೀವ್ರ. ಅಲ್ಪ ರೋಗದವರೆಲ್ಲರಿಗೂ ಯಂತ್ರ ಬೇಕೆಂದಿಲ್ಲ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯವನ್ನು ಬಿಡುವುದು, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ ಇವುಗಳಿಂದ ಕೆಲವರಿಗೆ ಸಾಕಾಗಬಹುದು. ನಿದ್ದೆಯ ಮಾತ್ರೆಯನ್ನಂತೂ ವೈದ್ಯರನ್ನು ಕೇಳದೆ ನುಂಗಬಾರದು; ಅವುಗಳಲ್ಲಿ ಹಲವು ಗಂಟಲನ್ನು ಇನ್ನೂ ಸಡಿಲಿಸುತ್ತವೆ.

ನಿಮಗೆ ಎಷ್ಟು ಒತ್ತಡ ಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಅದನ್ನು ನೀರಿನ ಸೆಂಟಿಮೀಟರಿನಲ್ಲಿ ಹೇಳುತ್ತಾರೆ. ಸಾಧಾರಣ ಯಂತ್ರಗಳು ೪ರಿಂದ ೨೦ ಸೆಂಟಿಮೀಟರಿನ ತನಕ ಊದಬಲ್ಲವು. ಒಬ್ಬನಿಗೆ ೭ ಸಾಕು, ಇನ್ನೊಬ್ಬನಿಗೆ ೧೩ ಬೇಕು. ಆದ್ದರಿಂದಲೇ ಗೆಳೆಯನ ಯಂತ್ರವನ್ನು ಎರವಲು ತಂದು ಹಾಗೆಯೇ ಹಾಕಿಕೊಳ್ಳುವುದು ಸರಿಯಲ್ಲ.

ಯಂತ್ರದಲ್ಲಿ ಮೂರು ಜಾತಿ

ಮೊದಲನೆಯದು ರಾತ್ರಿಯೆಲ್ಲ ಒಂದೇ ಒತ್ತಡದಲ್ಲಿ ಊದುವ ಸಾದಾ ಯಂತ್ರ, ಬೆಲೆ ಕಡಿಮೆ. ಎರಡನೆಯದು 'ಆಟೋ' ಯಂತ್ರ. ವೈದ್ಯರು ೬ರಿಂದ ೧೨ ಎಂಬಂತೆ ಮೇರೆ ಹಾಕಿಕೊಟ್ಟರೆ, ಗಂಟಲು ಮುಚ್ಚುವ ಸೂಚನೆ ಕಂಡಾಗ ಏರಿಸಿ ಉಳಿದಾಗ ಇಳಿಸಿ ತಾನೇ ಹೊಂದಿಕೊಳ್ಳುತ್ತದೆ. ಅಂಗಾತ ಮಲಗಿದಾಗ ಒಂದು, ಮಗ್ಗುಲಾದಾಗ ಒಂದು ಒತ್ತಡ ಬೇಕಾಗುವವರಿಗೆ ಇದು ಅನುಕೂಲ. ಆದರೆ ಬೇರೆ ತೊಡಕಿಲ್ಲದ ರೋಗಿಗಳಲ್ಲಿ ಇವೆರಡರ ಫಲವೂ ಹೆಚ್ಚುಕಡಿಮೆ ಒಂದೇ ಎಂದು ಅಧ್ಯಯನಗಳಿಂದ ತಿಳಿದಿದೆ. ಪರೀಕ್ಷೆಯಲ್ಲಿ ಒತ್ತಡ ಖಚಿತವಾಗಿ ಗೊತ್ತಾಗಿದ್ದರೆ, ಕೈಯಲ್ಲಿ ಹಣ ಕಡಿಮೆಯಿದ್ದರೆ, ಸಾದಾ ಯಂತ್ರವೆಂದು ಕೀಳರಿಮೆ ಬೇಡ.

ಮೂರನೆಯದು 'ಬೈಲೆವೆಲ್'. ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ, ಹೀಗೆ ಎರಡು ಒತ್ತಡ ಕೊಡುವ ಯಂತ್ರ. ಇದು ಬಹಳ ದುಬಾರಿ. ಸಿ-ಪ್ಯಾಪ್ ತಡೆಯಲಾಗದವರಿಗೆ, ಅತಿ ಬೊಜ್ಜಿನಿಂದಲೋ ಪುಪ್ಪುಸರೋಗದಿಂದಲೋ ಉಸಿರಾಟವೇ ಕುಗ್ಗಿರುವವರಿಗೆ ವೈದ್ಯರು ಇದನ್ನು ಹೇಳುತ್ತಾರೆ. ಇದು ಸಿ-ಪ್ಯಾಪಿಗಿಂತ ಮೇಲು ದರ್ಜೆಯ ಮಾಲಲ್ಲ. ಬೇರೆ ರೋಗಕ್ಕೆ ಬೇರೆ ಮದ್ದು. "ಇನ್ನು ಸ್ವಲ್ಪ ಕೊಟ್ಟು ದೊಡ್ಡದನ್ನೇ ಒಯ್ಯಿರಿ" ಎಂದು ಅಂಗಡಿಯವರು ಹೇಳಿದರೆ ವೈದ್ಯರ ಚೀಟಿಯನ್ನು ಮುಂದೆ ಹಿಡಿಯಬೇಕು. ದುಬಾರಿಯೆಂದ ಮಾತ್ರಕ್ಕೆ ಹಿತವಲ್ಲ ಎಂಬುದಕ್ಕೆ ಒಂದು ನಿದರ್ಶನ: ಪ್ರತಿ ಉಸಿರಿಗೂ ಹೊಂದಿಕೊಳ್ಳುವ ಇನ್ನೊಂದು ಬಗೆಯ ಯಂತ್ರವನ್ನು, ಹೃದಯದ ಪಂಪು ದುರ್ಬಲವಾಗಿದ್ದು ಮೆದುಳಿನ ಕಾರಣದಿಂದ ಉಸಿರು ನಿಲ್ಲುವ ರೋಗಿಗಳಿಗೆ ಕೊಟ್ಟು ನೋಡಿದಾಗ, ಹೃದ್ರೋಗದ ಸಾವು ಹೆಚ್ಚಾಯಿತೆಂದು ೨೦೧೫ರಲ್ಲಿ ತಿಳಿದುಬಂದಿತು.

ಜಾತಿ ಯಾವುದೇ ಇರಲಿ, ಯಂತ್ರದಲ್ಲಿ ನಾಲ್ಕು ಗುಣಗಳನ್ನು ನೋಡಬೇಕು. ಎಷ್ಟು ಗಂಟೆ ಹಾಕಿಕೊಂಡಿರಿ, ಎ.ಎಚ್.ಐ. ಎಷ್ಟಿತ್ತು, ಎಷ್ಟು ಗಾಳಿ ಸೋರಿತು ಎಂಬ ಲೆಕ್ಕವನ್ನು ಅದು ತಾನೇ ಬರೆದಿಡಬೇಕು. ಈ ಲೆಕ್ಕವಿಲ್ಲದಿದ್ದರೆ ವೈದ್ಯರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಗಾಳಿಗೆ ತೇವ ಕೊಡುವ ಬಿಸಿನೀರಿನ ಡಬ್ಬಿ ಜೊತೆಗಿರಬೇಕು, ಇಲ್ಲವೆ ಆಮೇಲೆ ಕೂಡಿಸುವಂತಿರಬೇಕು. ಮಲಗುವಾಗ ಕಡಿಮೆ ಒತ್ತಡದಿಂದ ಆರಂಭಿಸಿ ನಿಧಾನವಾಗಿ ಏರಿಸುವ ಏರ್ಪಾಡಿರಬೇಕು. ಕೊನೆಯದಾಗಿ, ನೀವಿರುವ ಊರಿನಲ್ಲಿ ರಿಪೇರಿಯೂ ಬಿಡಿಭಾಗಗಳೂ ಸಿಗಬೇಕು. ಸದ್ದಿನ ವಿಷಯದಲ್ಲಿ ಅಂಜಿಕೆ ಬೇಡ. ಈಗಿನ ಯಂತ್ರಗಳ ಸದ್ದು ಪಿಸುಮಾತಿನಷ್ಟು, ೨೫ರಿಂದ ೩೦ ಡೆಸಿಬೆಲ್ಲಿನ ಆಸುಪಾಸು. ಕೋಣೆಯ ಸಂಗಾತಿಗಳಿಗೆ ಗೊರಕೆಗಿಂತ ಇದು ಎಷ್ಟೋ ಮೇಲು.

ಮುಖವಾಡ: ಇಲ್ಲಿ ಅವಸರ ಬೇಡ

ಮುಖವಾಡದಲ್ಲಿಯೂ ಮುಖ್ಯವಾಗಿ ಮೂರು ಬಗೆ. ಮೂಗಿನ ಹೊಳ್ಳೆಗಳ ಬಾಯಿಗೆ ಮಾತ್ರ ಕೂಡುವ ಸಣ್ಣ ಮೆತ್ತೆಗಳದು ಒಂದು. ಇದು ಹಗುರ, ಮುಖ ಮುಚ್ಚಿದಂತಾಗುವುದಿಲ್ಲ, ಕನ್ನಡಕ ಹಾಕಿಕೊಂಡು ಓದಬಹುದು, ಮೀಸೆಯವರಿಗೂ ಬಹುಮಟ್ಟಿಗೆ ಒಗ್ಗುತ್ತದೆ. ಒತ್ತಡ ಬಹಳ ಹೆಚ್ಚಾದರೆ ಹೊಳ್ಳೆ ಉರಿಯಬಹುದು. ಮೂಗನ್ನೆಲ್ಲ ಮುಚ್ಚುವ ತ್ರಿಕೋನಾಕಾರದ್ದು ಎರಡನೆಯದು. ಬಹಳ ಜನಕ್ಕೆ ಹೊಂದುವುದು ಇದೇ. ಮೂಗು ಬಾಯಿ ಎರಡನ್ನೂ ಮುಚ್ಚುವುದು ಮೂರನೆಯದು.

ಮೂರನೆಯದನ್ನು ಕಂಡು "ದೊಡ್ಡದು, ಎಲ್ಲವನ್ನೂ ಮುಚ್ಚುತ್ತದೆ, ಆದ್ದರಿಂದ ಒಳ್ಳೆಯದು" ಎಂದುಕೊಳ್ಳುವುದು ಸಹಜ. ನಿಜ ಹಾಗಿಲ್ಲ. ಮುಖದ ಮೇಲೆ ಅಂಚು ಉದ್ದವಾದಷ್ಟೂ ಗಾಳಿ ಸೋರುವ ಸ್ಥಳ ಹೆಚ್ಚು. ಅದು ಕೆಳದವಡೆಯನ್ನು ಹಿಂದಕ್ಕೊತ್ತಿದರೆ ಗಂಟಲಿನ ದಾರಿ ಇನ್ನೂ ಇಕ್ಕಟ್ಟಾಗಿ ಹೆಚ್ಚು ಒತ್ತಡ ಬೇಕಾಗುವುದೂ ಉಂಟು. ಆದ್ದರಿಂದ ತಜ್ಞರು ಸಾಮಾನ್ಯವಾಗಿ ಮೂಗಿನ ಮುಖವಾಡದಿಂದಲೇ ಆರಂಭಿಸುತ್ತಾರೆ. ಸದಾ ಮೂಗು ಕಟ್ಟಿದವರಿಗೆ, ಬಾಯಿಯಿಂದಲೇ ಉಸಿರಾಡುವವರಿಗೆ ಮೂರನೆಯದು ಬೇಕಾಗುತ್ತದೆ. ಅದಕ್ಕೂ ಮೊದಲು ಮೂಗು ಕಟ್ಟುವುದಕ್ಕೆ ಚಿಕಿತ್ಸೆ ಮಾಡಿಸಿ ನೋಡುವುದು ವಿವೇಕ. ಮೂಗು ತೆರೆದರೆ ಬಾಯಿ ತಾನಾಗಿ ಮುಚ್ಚುವುದುಂಟು. ತನ್ನ ಕೈಯಿಂದ ಮುಖವಾಡ ತೆಗೆಯಲಾರದವರಿಗೂ, ವಾಂತಿಯಾಗುತ್ತಿರುವವರಿಗೂ ಬಾಯಿ ಮುಚ್ಚುವಂಥದನ್ನು ಹಾಕಬಾರದು.

ಕೊಳ್ಳುವಾಗ ನಿಂತಲ್ಲೇ ಮುಖಕ್ಕಿಟ್ಟು ಕನ್ನಡಿ ನೋಡಿದರೆ ಸಾಲದು. ನಿಂತಾಗಿನ ಮುಖ ಬೇರೆ, ಮಲಗಿದಾಗಿನ ಮುಖ ಬೇರೆ. ಮಲಗಿದರೆ ಕೆನ್ನೆಯ ಮಾಂಸ ಇಳಿದು ಅಂಚು ಸರಿಯುತ್ತದೆ. ಯಂತ್ರವನ್ನು ನಿಮ್ಮ ಒತ್ತಡಕ್ಕೇ ಇಡಿಸಿ, ಹಾಸಿಗೆಯ ಮೇಲೆ ಮಲಗಿ, ಹದಿನೈದು ಇಪ್ಪತ್ತು ನಿಮಿಷ ಹಾಕಿಕೊಂಡು, ಎಡಕ್ಕೂ ಬಲಕ್ಕೂ ಹೊರಳಿ ನೋಡಬೇಕು. ಮೂಗಿನ ಅಳತೆಗೆ ಕಾಗದದ ಅಳತೆಪಟ್ಟಿ ಇರುತ್ತದೆ, ಅದನ್ನು ಕೇಳಿ. ಅಂಗಡಿಯವರಿಗೆ ಇಷ್ಟು ತಾಳ್ಮೆಯಿಲ್ಲದಿದ್ದರೆ ಬೇರೆ ಅಂಗಡಿ ಹುಡುಕುವುದು ಲೇಸು. ಹೊಂದದಿದ್ದರೆ ಇಷ್ಟು ದಿನದೊಳಗೆ ಬದಲಾಯಿಸಿ ಕೊಡುತ್ತೇವೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಗಾಳಿ ಸೋರಿದೊಡನೆ ಪಟ್ಟಿಯನ್ನು ಬಿಗಿಯುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಸೋರುವುದು ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಸಿಲಿಕೋನಿನ ತೆಳುವಾದ ಅಂಚು ಗಾಳಿಯಿಂದ ಉಬ್ಬಿ ತಾನೇ ಚರ್ಮಕ್ಕೆ ಕೂಡಿಕೊಳ್ಳಬೇಕು. ಬಿಗಿದರೆ ಅದು ಮಡಿಸಿಹೋಗುತ್ತದೆ. ಯಂತ್ರ ಊದುತ್ತಿರುವಾಗ ಮುಖವಾಡವನ್ನು ಸ್ವಲ್ಪ ಮುಂದಕ್ಕೆ ಎಳೆದು ಮತ್ತೆ ಮೆಲ್ಲಗೆ ಕೂಡಿಸಿದರೆ ಅಂಚು ಸರಿಯಾಗಿ ಕೂರುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ಬೆಳಿಗ್ಗೆ ಎದ್ದು ಬಹಳ ಹೊತ್ತಾದರೂ ಕೆಂಪು ಗೆರೆ ಮಾಯದಿದ್ದರೆ, ಮೂಗಿನ ಮೇಲೆ ಹುಣ್ಣಾದರೆ, ಕಣ್ಣಿಗೆ ಗಾಳಿ ಬಡಿದು ಕೆಂಪಗಾದರೆ, ಅಳತೆಯೋ ಬಗೆಯೋ ತಪ್ಪಾಗಿದೆಯೆಂದೇ ತಿಳಿಯಬೇಕು.

ಮಲಗುವ ಮುಂಚೆ ಮುಖವನ್ನು ಸೋಪಿನಿಂದ ತೊಳೆದುಕೊಳ್ಳುವುದು ಒಳ್ಳೆಯದು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದರೆ ಮುಖವಾಡ ಜಾರುತ್ತದೆ. ಎಣ್ಣೆ, ವ್ಯಾಸಲೀನು, ನೆಗಡಿಯ ಮುಲಾಮು ಇವು ಸಿಲಿಕೋನನ್ನು ಬೇಗ ಕೆಡಿಸುತ್ತವೆ. ಎರಡು ದಿನದ ಗಡ್ಡ ಕೂಡ ಸೋರಿಕೆಗೆ ದಾರಿ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದು ಮಲಗುವವರು ತೆಗೆದೇ ಅಳತೆ ನೋಡಬೇಕು.

ಮುಖವಾಡದ ಮುಂದೆ ಸಣ್ಣ ತೂತುಗಳಿರುತ್ತವೆ. ನಾವು ಬಿಟ್ಟ ಕೆಟ್ಟ ಗಾಳಿ ಹೊರಹೋಗುವ ದಾರಿ ಅದೇ. ಸದ್ದು ಮಾಡುತ್ತದೆಂದು ಅದಕ್ಕೆ ಎಂದಿಗೂ ಪಟ್ಟಿ ಅಂಟಿಸಬಾರದು. ಕೆಲವು ಮುಖವಾಡಗಳ ಕೊಂಡಿಗಳಲ್ಲಿ ಅಯಸ್ಕಾಂತಗಳಿವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ತಲೆಯಲ್ಲಿ ಲೋಹದ ಕ್ಲಿಪ್ಪು ಮುಂತಾದುವಿರುವವರು, ಅಂಥವರ ಮಗ್ಗುಲಲ್ಲಿ ಮಲಗುವವರು ಅವನ್ನು ಕೊಳ್ಳಬಾರದು. ೨೦೨೨ರಿಂದೀಚೆಗೆ ಮುಖ್ಯ ತಯಾರಕರೇ ಈ ಎಚ್ಚರಿಕೆ ಹೊರಡಿಸಿದ್ದಾರೆ. ಇನ್ನೊಂದು ಮಾತು: ಮೊದಲು ಸವೆಯುವುದು ಮೆತ್ತೆ. ಆ ಮೆತ್ತೆ ಬಿಡಿಯಾಗಿ ಸಿಗುವುದೇ, ಬೆಲೆ ಎಷ್ಟು ಎಂಬುದನ್ನು ಕೊಳ್ಳುವ ದಿನವೇ ಕೇಳಬೇಕು.

ಮೊದಲ ತಿಂಗಳು

ಮೊದಲ ರಾತ್ರಿಯೇ ಎಂಟು ಗಂಟೆ ಹಾಕಿಕೊಳ್ಳಲು ಹೋಗಿ ಗಾಬರಿಗೊಳ್ಳುವ ಬದಲು, ಸಂಜೆ ಎಚ್ಚರವಿರುವಾಗ ಅರ್ಧ ಗಂಟೆ ಹಾಕಿಕೊಂಡು ಪತ್ರಿಕೆ ಓದಿ, ಹಾಡು ಕೇಳಿ. ಎರಡು ಮೂರು ದಿನದಲ್ಲಿ ಮುಖಕ್ಕೆ ರೂಢಿಯಾಗುತ್ತದೆ. ನಿದ್ದೆಯಲ್ಲಿ ಅರಿವಿಲ್ಲದೆ ಕಿತ್ತೆಸೆದರೆ ಬೇಸರ ಬೇಡ. ಎಚ್ಚರವಾದಾಗ ಮತ್ತೆ ಹಾಕಿಕೊಳ್ಳಿ. ಬಾಯಿ ಒಣಗಿದರೆ ಬಾಯಿಯಿಂದ ಗಾಳಿ ಸೋರುತ್ತಿದೆ ಅಥವಾ ತೇವ ಸಾಲದು. ಹೊಟ್ಟೆಯಲ್ಲಿ ಗಾಳಿ ತುಂಬಿದರೆ ಒತ್ತಡದ ವಿಷಯವನ್ನು ವೈದ್ಯರಿಗೆ ಹೇಳಿ. ಒಂದೆರಡು ವಾರದಲ್ಲಿ ಲೆಕ್ಕವನ್ನು ಅವರಿಗೆ ತೋರಿಸಿ; ಯಂತ್ರ ಹಾಕಿಕೊಂಡಾಗ ಎ.ಎಚ್.ಐ. ೫ಕ್ಕಿಂತ ಕೆಳಗಿಳಿದಿರಬೇಕೆಂಬುದು ಸಾಮಾನ್ಯ ಗುರಿ.

ಎಷ್ಟು ಹೊತ್ತು ಹಾಕಿಕೊಳ್ಳಬೇಕು? ಮಲಗಿದಷ್ಟು ಹೊತ್ತೂ. ರಾತ್ರಿ ಪಾಳಿಯವರು ಹಗಲು ಮಲಗುವಾಗ, ಉಳಿದವರು ಭಾನುವಾರ ಮಧ್ಯಾಹ್ನ ಒರಗುವಾಗ ಕೂಡ. ಅಮೆರಿಕದ ಸರ್ಕಾರಿ ವಿಮೆಯು ರಾತ್ರಿಗೆ ನಾಲ್ಕು ಗಂಟೆ, ನೂರಕ್ಕೆ ಎಪ್ಪತ್ತು ರಾತ್ರಿ ಎಂಬ ಕನಿಷ್ಠ ಲೆಕ್ಕವನ್ನಿಟ್ಟುಕೊಂಡಿದೆ. ಅದು ಹಣ ಕೊಡುವವರ ಲೆಕ್ಕವೇ ಹೊರತು ಆರೋಗ್ಯದ ಪೂರ್ಣಾಂಕವಲ್ಲ. ಈ ಸಂಬಂಧದಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ೨೦೧೬ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲೇ ಹೃದಯದ ಅಥವಾ ಮೆದುಳಿನ ರಕ್ತನಾಳದ ರೋಗವಿದ್ದ ೨,೭೧೭ ಜನರಲ್ಲಿ ಸಿ-ಪ್ಯಾಪ್ ಪಡೆದವರಿಗೆ ಹೃದಯಾಘಾತ, ಲಕ್ವ ಮೊದಲಾದುವು ಕಡಿಮೆಯಾಗಲಿಲ್ಲ. ಆದರೆ ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ ೩.೩ ಗಂಟೆ ಮಾತ್ರ. ಇಷ್ಟು ಕಡಿಮೆ ಬಳಕೆಯೂ ಒಂದು ಕಾರಣವಿರಬಹುದೆಂದು ತಜ್ಞರು ಚರ್ಚಿಸಿದ್ದಾರೆ. ಅಷ್ಟರಿಂದಲೂ ಹಗಲಿನ ತೂಕಡಿಕೆ ಕಡಿಮೆಯಾಗಿ ಮನಸ್ಸು ಗೆಲುವಾಯಿತೆಂಬುದು ಅದೇ ವರದಿಯಲ್ಲಿದೆ. ಯಂತ್ರ ರೋಗವನ್ನು ಗುಣಪಡಿಸುವುದಿಲ್ಲ. ಹಾಕಿಕೊಂಡ ಹೊತ್ತು ತಡೆದಿಡುತ್ತದೆ. ಬಿಟ್ಟರೆ ಕೆಲವೇ ದಿನದಲ್ಲಿ ಹಳೆಯ ಸ್ಥಿತಿ.

ಊರಿನ ಹವೆ, ಕರೆಂಟು, ರೈಲು

ಮುಂಬಯಿ, ಚೆನ್ನೈಗಳ ಗಾಳಿಯಲ್ಲಿ ತೇವ ಮೊದಲೇ ಇದೆ. ಅಲ್ಲಿ ಮಳೆಗಾಲದಲ್ಲಿ ನೀರಿನ ಡಬ್ಬಿಯನ್ನು ತೀರ ಕಡಿಮೆಗಿಟ್ಟರೂ ನಡೆದೀತು. ಪುಣೆ, ಹೈದರಾಬಾದುಗಳ ಬೇಸಗೆಯಲ್ಲಿ ಹೆಚ್ಚಿಸಬೇಕಾಗುತ್ತದೆ. ದಿಲ್ಲಿಯ ಚಳಿಯಲ್ಲಿ ಬೆಚ್ಚಗಿನ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ನೀರಾಗಿ ಮುಖಕ್ಕೆ ತೊಟ್ಟಿಕ್ಕುತ್ತದೆ. ಆಗ ಕೊಳವೆಗೆ ಬಟ್ಟೆ ಸುತ್ತಿ, ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗಿಡಿ. ದಿಲ್ಲಿಯ ಹೊಗೆಯ ದಿನಗಳಲ್ಲಿ ಗಾಳಿಯ ಫಿಲ್ಟರನ್ನು ವಾರಕ್ಕೊಮ್ಮೆ ನೋಡುತ್ತಿರಬೇಕು. ಡಬ್ಬಿಗೆ ಭಟ್ಟಿಯಿಳಿಸಿದ ನೀರು ಒಳ್ಳೆಯದು. ದಿನವೂ ಚೆಲ್ಲಿ ಹೊಸದು ತುಂಬಿ. ಮೆತ್ತೆಯನ್ನು ದಿನವೂ ಒರಸಿ. ಕೊಳವೆ, ಪಟ್ಟಿಗಳನ್ನು ವಾರಕ್ಕೊಮ್ಮೆ ಉಗುರು ಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಸ್ಪಿರಿಟ್ಟು, ಡೆಟಾಲು ಬೇಡ.

ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ಬಾಯಿಯನ್ನೂ ಮುಚ್ಚುವ ಮುಖವಾಡಗಳಲ್ಲಿ ಆಗ ಹೊರಗಿನ ಗಾಳಿ ಬರುವಂತೆ ಒಂದು ಕವಾಟ ಇರುತ್ತದೆ. ಇದೆಯೆಂದು ನೋಡಿ ಕೊಳ್ಳಬೇಕು. ಇನ್ವರ್ಟರ್ ಮೇಲೆ ನಡೆಸುವಾಗ ಬಿಸಿನೀರಿನ ಡಬ್ಬಿ ನಿಲ್ಲಿಸಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಊರಿಗೆ ಹೋಗುವ ರಾತ್ರಿಯ ರೈಲಿನ ಪ್ಲಗ್ಗನ್ನು ನಂಬಬಾರದು. ಅವು ಮೊಬೈಲಿಗೆಂದು ಇರುವವು. ರಾತ್ರಿ ೧೧ರಿಂದ ಬೆಳಗಿನ ೫ರ ತನಕ ಅವನ್ನು ನಿಲ್ಲಿಸುವ ಸೂಚನೆ ೨೦೨೧ರಲ್ಲಿ ಹೊರಟಿತ್ತು. ಯಂತ್ರಕ್ಕೆಂದೇ ಸಿಗುವ ಬ್ಯಾಟರಿಯಿದ್ದರೆ ಸರಿ, ಇಲ್ಲವಾದರೆ ಆ ಒಂದು ರಾತ್ರಿ ಮಗ್ಗುಲಾಗಿ, ತಲೆ ಎತ್ತರಿಸಿ ಮಲಗಿ. ಡಬ್ಬಿಯ ನೀರನ್ನು ಚೆಲ್ಲಿದ ಮೇಲೆಯೇ ಯಂತ್ರವನ್ನು ಚೀಲಕ್ಕೆ ಹಾಕಬೇಕು.

ಹಣದ ಮಾತು

ಮೊದಲು ಒಂದು ತಿಂಗಳು ಬಾಡಿಗೆಗೆ ತೆಗೆದುಕೊಳ್ಳುವ ಅನುಕೂಲ ದೊಡ್ಡ ಊರುಗಳಲ್ಲಿ ಉಂಟು. ಬಾಡಿಗೆಗೆ ಹೋದ ಹಣ ವ್ಯರ್ಥವಲ್ಲ. ಯಾವ ಮುಖವಾಡ ಒಗ್ಗುತ್ತದೆ, ಯಾವ ಯಂತ್ರ ಸಾಕು ಎಂಬ ಜ್ಞಾನಕ್ಕೆ ಕೊಟ್ಟ ಬೆಲೆಯದು. ಮುಖವಾಡವನ್ನು ಮಾತ್ರ ಹೊಸದಾಗಿ ಕೊಂಡು ನಿಮ್ಮದೇ ಬಳಸಿ.

ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಒಂದನ್ನು ತಿಳಿದಿರಬೇಕು. ೨೦೨೧ರ ಜೂನಿನಲ್ಲಿ ಫಿಲಿಪ್ಸ್ ಕಂಪನಿಯು, ಅದೇ ವರ್ಷದ ಏಪ್ರಿಲ್ ೨೬ಕ್ಕೆ ಮೊದಲು ತಯಾರಾದ ತನ್ನ ಅನೇಕ ಮಾದರಿಯ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಸದ್ದಡಗಿಸಲು ಒಳಗೆ ಹಾಕಿದ್ದ ಸ್ಪಂಜು ಪುಡಿಯಾಗಿ ಉಸಿರಿನೊಡನೆ ಒಳಹೋಗಬಹುದೆಂಬುದೇ ಕಾರಣ. ಆದ್ದರಿಂದ ಹಳೆಯ ಯಂತ್ರವಾದರೆ ತಯಾರಿಕೆಯ ತಾರೀಖನ್ನೂ ಕ್ರಮಸಂಖ್ಯೆಯನ್ನೂ ಪರೀಕ್ಷಿಸಿ, ಎಷ್ಟು ಗಂಟೆ ಓಡಿದೆಯೆಂದು ನೋಡಿ, ವೈದ್ಯರಿಂದ ಒತ್ತಡವನ್ನು ಹೊಸದಾಗಿ ಹಾಕಿಸಿಕೊಳ್ಳಬೇಕು.

ಕೇಂದ್ರ ಸರ್ಕಾರದ ನೌಕರರಿಗೆ ಸಿ.ಜಿ.ಎಚ್.ಎಸ್. ಯೋಜನೆಯಲ್ಲಿ ಈ ಯಂತ್ರದ ಖರ್ಚನ್ನು ಒಂದು ಮಿತಿಯ ತನಕ ಕೊಡುವ ವ್ಯವಸ್ಥೆಯಿದೆ. ಆದರೆ ಕೊಳ್ಳುವುದಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ಯಾವ ಬಗೆಯ ಪರೀಕ್ಷೆಯ ವರದಿ ನಡೆಯುತ್ತದೆಂದು ಪರೀಕ್ಷೆಗೆ ಮೊದಲೇ ಕೇಳಿಕೊಳ್ಳಿ. ಇ.ಎಸ್.ಐ. ಇರುವ ಕಾರ್ಖಾನೆ ಕೆಲಸಗಾರರು ತಮ್ಮ ಔಷಧಾಲಯದ ವೈದ್ಯರ ಮೂಲಕ ವಿಚಾರಿಸಬೇಕು. ಖಾಸಗಿ ಆರೋಗ್ಯವಿಮೆಗಳು ಮನೆಗೆ ಕೊಂಡ ಇಂಥ ಯಂತ್ರಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಪಾಲಿಸಿಯ ಸಣ್ಣಕ್ಷರದ ಪಟ್ಟಿಯನ್ನು ಓದಿಯೇ ಮುಂದುವರಿಯಿರಿ.

ಕೊನೆಯದಾಗಿ ಒಂದು ಮಾತು. ಪರಸ್ಥಳದಲ್ಲಿರುವವರಿಗೆ ಕೋಣೆಯಲ್ಲಿ ನಾಲ್ವರ ಮುಂದೆ ಮೂಗಿಗೆ ಕೊಳವೆ ಸಿಕ್ಕಿಸಿಕೊಳ್ಳಲು ಸಂಕೋಚವಾಗುವುದು ಸಹಜ. ಕನ್ನಡಕ ಹಾಕಿಕೊಳ್ಳುವುದಕ್ಕೂ ಒಂದು ಕಾಲದಲ್ಲಿ ಜನ ನಾಚುತ್ತಿದ್ದರು. ಈಗ ಯಾರೂ ತಿರುಗಿ ನೋಡುವುದಿಲ್ಲ. ಮೊದಲು ಪರೀಕ್ಷೆ, ಆಮೇಲೆ ಮಲಗಿ ನೋಡಿದ ಮುಖವಾಡ, ಆಮೇಲೆ ವೈದ್ಯರು ಹೇಳಿದಷ್ಟೇ ಯಂತ್ರ, ಅನಂತರ ಪ್ರತಿ ರಾತ್ರಿಯೂ ತಪ್ಪದ ಬಳಕೆ. ಈ ಕ್ರಮದಲ್ಲಿ ನಡೆದವರ ದುಡ್ಡು ಮಂಚದ ಕೆಳಗೆ ಧೂಳು ಹಿಡಿಯುವುದಿಲ್ಲ. ಪಕ್ಕದ ಹಾಸಿಗೆಯವನ ಉಸಿರು ನಡುರಾತ್ರಿಯಲ್ಲಿ ನಿಲ್ಲುವುದನ್ನು ಕೇಳಿದ್ದೀರಾದರೆ, ನಾಳೆ ಬೆಳಿಗ್ಗೆ ನಗದೆ ಅವನಿಗೆ ಅದನ್ನು ತಿಳಿಸಿ. ತನಗೆ ರೋಗವಿದೆಯೆಂದು ಅವನಿಗೆ ಬೇರೆ ಯಾರಿಂದಲೂ ತಿಳಿಯುವಂತಿಲ್ಲ.